ಕೋಲಾರದ ಮೊಟ್ಟೆ, ಸೆಂಟ್ರಲ್ ಕಾಲೇಜಿನ ಕಪ್ಪೆ

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿನಲ್ಲಿ ಕೋಲಾರದ ಒಂದು ಮೊಟ್ಟೆ ಇದೆ. 1917ರಲ್ಲಿ ಚಿನ್ನದ ಗಣಿಯ ಸೀಮೆಯಲ್ಲಿ ಸಿಕ್ಕಿದ್ದು. ಹಕ್ಕಿಮೊಟ್ಟೆ ಕೂಡಿಡುವ ಹವ್ಯಾಸದ ಬ್ರಿಟಿಷರ ಕೈಯಿಂದ ಕೈಗೆ ಸಾಗಿ, ಕಡಲು ದಾಟಿ, ಆ ಸಂಗ್ರಹ ಸೇರಿ, ಅದರ ಬೆಲೆ ಯಾರಿಗೂ ತಿಳಿಯದಂತೆ ದಶಕಗಟ್ಟಲೆ ಅಲ್ಲೇ ಉಳಿದಿತ್ತು. ಆ ಮ್ಯೂಸಿಯಮ್ಮಿನ ಪಾಲಕರಾಗಿದ್ದ ಅಲನ್ ನಾಕ್ಸ್ ಅದರ ಜಾಡು ಹಿಡಿದು 2013ರಲ್ಲಿ ವಿವರ ಪ್ರಕಟಿಸಿದರು. ಅದು ಜೆರ್ಡನ್ಸ್ ಕೋರ್ಸರ್ ಎಂಬ ಹಕ್ಕಿಯ ಮೊಟ್ಟೆ. ವಿಜ್ಞಾನ ಅಲ್ಲಿಯವರೆಗೆ ಆ ಹಕ್ಕಿಯ ಒಂದು ಮೊಟ್ಟೆಯನ್ನೂ ಕಂಡಿರಲಿಲ್ಲ. ಚಿಪ್ಪಿನಿಂದ ಡಿಎನ್‌ಎ ತೆಗೆದು, ಟ್ರಿಂಗ್ ಊರಿನಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇಟ್ಟುಕೊಂಡಿರುವ ಹಳೆಯ ಹಕ್ಕಿಚರ್ಮವೊಂದರ ಜೊತೆ ಹೋಲಿಸಿ ಅದನ್ನು ಖಚಿತಪಡಿಸಿಕೊಂಡರು.

ಈ ಹಕ್ಕಿ ಸಾಮಾನ್ಯದ್ದಲ್ಲ. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾಗಿ, 1900ರ ನಂತರ ಯಾರ ಕಣ್ಣಿಗೂ ಬೀಳದೆ, ಅಳಿದೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದಾಗ, 1986ರ ಜನವರಿಯಲ್ಲಿ ಆಂಧ್ರದ ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರಿಗೆ ಸ್ಥಳೀಯ ಬೇಟೆಗಾರರ ನೆರವಿನಿಂದ ಮತ್ತೆ ಸಿಕ್ಕಿತು. ಇರುಳಲ್ಲಿ ಓಡಾಡುವ, ಮಣ್ಣಿನ ಬಣ್ಣದ, ಉದ್ದ ಕಾಲಿನ ಹಕ್ಕಿ. ಹಳೆಯ ದಾಖಲೆಗಳೆಲ್ಲ ಗೋದಾವರಿ ಮತ್ತು ಪೆನ್ನಾರ್ ಕಣಿವೆಗಳವು. ಅದು ಕೋಲಾರದಲ್ಲೂ ಇತ್ತು, ಇಲ್ಲಿ ಗೂಡು ಮಾಡಿ ಮೊಟ್ಟೆಯಿಟ್ಟಿತ್ತು ಎಂದು ಹೇಳುವ ಸಾಕ್ಷಿ ಈ ಒಂದು ಮೊಟ್ಟೆ. ಕೋಲಾರದ ಬಯಲನ್ನು, ಅಲ್ಲಿನ ಜಾಲಿ ಪೊದೆಗಳನ್ನು ನಾವು ಪಾಳುಭೂಮಿ ಎಂದು ಕರೆದು, ನೀಲಗಿರಿ ನೆಟ್ಟು, ಬಡಾವಣೆ ಹಾಕಿ ಮುಗಿಸಿದ್ದೇವೆ. ಆ ಪಾಳಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರ ಅಬರ್ಡೀನಿನಲ್ಲಿದೆ.

ನಿಸರ್ಗ ಚರಿತ್ರೆಯ ಮ್ಯೂಸಿಯಂ ಎಂದರೆ ನಮ್ಮ ಮನಸ್ಸಿಗೆ ಬರುವುದು ಗಾಜಿನ ಹಿಂದೆ ನಿಂತ ಹುಲಿ, ಮಕ್ಕಳ ಸಾಲು, ಪ್ರವೇಶದ ಟಿಕೆಟ್. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಶಾಲೆಯ ಪ್ರವಾಸದಲ್ಲಿ ಹೋಗಿ ಬಂದವರು ಸಾವಿರಾರು ಜನ. ಅದು ಬೇಕಾದ ಕೆಲಸವೇ. ಆದರೆ ದೊಡ್ಡ ಮ್ಯೂಸಿಯಮ್ಮುಗಳ ನಿಜವಾದ ಜೀವ ಪ್ರದರ್ಶನದ ಕೋಣೆಗಳಲ್ಲಿಲ್ಲ. ಅದಿರುವುದು ಸಾರ್ವಜನಿಕರು ಕಾಣದ ಬೀರುಗಳಲ್ಲಿ, ಸೆಳೆಖಾನೆಗಳಲ್ಲಿ, ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ. ಅಲ್ಲಿನ ಹಕ್ಕಿಗಳು ರೆಕ್ಕೆ ಬಿಚ್ಚಿ ಕೂತಿರುವುದಿಲ್ಲ. ಒಳಗಿನ ಮಾಂಸ ತೆಗೆದು, ಹತ್ತಿ ತುಂಬಿ, ಹೊಲಿದು, ಕಾಲಿಗೆ ಚೀಟಿ ಕಟ್ಟಿ, ಅಂಗಾತ ಮಲಗಿಸಿಟ್ಟಿರುತ್ತಾರೆ. ಒಂದೇ ಜಾತಿಯ ನೂರಾರು ಹಕ್ಕಿ, ಸಾಲು ಸಾಲು. ನೋಡಲು ಚೆಂದವೇನೂ ಇಲ್ಲ. ಇಷ್ಟೊಂದು ಯಾಕೆ, ಒಂದಿದ್ದರೆ ಸಾಲದೆ ಎಂದು ಮೊದಲ ಸಲ ಕಂಡವರು ಕೇಳುತ್ತಾರೆ. ನಾನು ಈ ಲೇಖನದಲ್ಲಿ ವಾದಿಸಹೊರಟಿರುವುದು ಆ ಸಾಲುಗಳ ಪರವಾಗಿ. ಅವು ಅಲಂಕಾರವಲ್ಲ, ಭೂಮಿಯ ಮೇಲೆ ಏನಿತ್ತು, ಎಲ್ಲಿತ್ತು, ಯಾವಾಗ ಇತ್ತು ಎಂಬುದರ ದಸ್ತಾವೇಜು. ಅವನ್ನು ಕಾಯುವುದು, ಬೆಳೆಸುವುದು ಕಂದಾಯದ ದಾಖಲೆಗಳನ್ನು ಕಾಯುವಷ್ಟೇ ಗಂಭೀರವಾದ ಸಾರ್ವಜನಿಕ ಹೊಣೆ. ಕರ್ನಾಟಕದಲ್ಲಿ ನಾವು ಆ ಹೊಣೆಯನ್ನು ಹೊತ್ತಿಲ್ಲ.

ಈ ದಸ್ತಾವೇಜಿನಲ್ಲಿ ಹಕ್ಕಿಗಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ತೂಕ ಚೀಟಿಗಿದೆ. ಎಲ್ಲಿ, ಯಾವ ದಿನ, ಯಾರು, ಗಂಡೋ ಹೆಣ್ಣೋ ಎಂಬ ಎರಡು ಮೂರು ಸಾಲು ಬರಹ ಹರಿದುಹೋದರೆ ಉಳಿಯುವುದು ಪುಕ್ಕದ ಕಂತೆ ಮಾತ್ರ. 2009ರ ಜೂನ್‌ನಲ್ಲಿ ಯುವಕನೊಬ್ಬ ಟ್ರಿಂಗ್ ಮ್ಯೂಸಿಯಮ್ಮಿನ ಕಿಟಕಿ ಒಡೆದು 299 ಹಕ್ಕಿಚರ್ಮಗಳನ್ನು ಕದ್ದ. ಮೀನಿನ ಗಾಳಕ್ಕೆ ಕಟ್ಟುವ ಬಣ್ಣದ ಪುಕ್ಕಗಳಿಗಾಗಿ ನಡೆದ ಕಳವು ಅದು. ಕದ್ದ ಹಕ್ಕಿಗಳಲ್ಲಿ ಆಲ್ಫ್ರೆಡ್ ರಸೆಲ್ ವಾಲೆಸ್ ಸಂಗ್ರಹಿಸಿದ್ದವೂ ಇದ್ದವು. ಪೊಲೀಸರು ಕೆಲವನ್ನು ಮರಳಿ ತಂದರು. ಆದರೆ ಎಷ್ಟೋ ಹಕ್ಕಿಗಳ ಕಾಲಿನ ಚೀಟಿ ಕತ್ತರಿಸಿಹೋಗಿತ್ತು. ಹಕ್ಕಿ ಸಿಕ್ಕಿತು, ಅದು ಹೇಳಬೇಕಾದ ಮಾತು ಸಿಗಲಿಲ್ಲ.

ಚೀಟಿ ಕಳೆದರೆ ಇಷ್ಟು ನಷ್ಟ. ಚೀಟಿಯೇ ಸುಳ್ಳಾದರೆ? ಫಾರೆಸ್ಟ್ ಔಲೆಟ್ ಎಂಬ ನಮ್ಮ ದೇಶದ್ದೇ ಆದ ಪುಟ್ಟ ಗೂಬೆಯ ಕಥೆಯನ್ನು ಇಲ್ಲಿ ಹೇಳಬೇಕು. 1873ರಲ್ಲಿ ಅದಕ್ಕೆ ಹೆಸರಿಟ್ಟವರು ಎ. ಓ. ಹ್ಯೂಮ್. ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರೆಂದು ನಾವು ಪಠ್ಯದಲ್ಲಿ ಓದಿದ ಅದೇ ಹ್ಯೂಮ್. 1884ರ ಹೊತ್ತಿಗೆ ಸಂಗ್ರಹಗಳಿಗೆ ಸೇರಿದ್ದ ಕೆಲವೇ ಕೆಲವು ಚರ್ಮಗಳನ್ನು ಬಿಟ್ಟರೆ ಆಮೇಲೆ ಅದು ಕಾಣಲೇ ಇಲ್ಲ. ಒಂದೇ ಒಂದು ಅಪವಾದ: ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಪ್ರಸಿದ್ಧ ಸೇನಾಧಿಕಾರಿ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತಾನು ಹೊಡೆದದ್ದೆಂದು ಚೀಟಿ ಬರೆದಿಟ್ಟಿದ್ದ ಒಂದು ಗೂಬೆ. ಆ ಚೀಟಿಯನ್ನು ನಂಬಿ ಹಕ್ಕಿತಜ್ಞರು ಆ ಸೀಮೆಯಲ್ಲಿ ಹುಡುಕಿದರು, ಬರಿಗೈಯಲ್ಲಿ ಮರಳಿದರು. 1990ರ ದಶಕದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಪಮೇಲಾ ರಾಸ್ಮುಸ್ಸೆನ್ ಆ ಮಾದರಿಯನ್ನು ಎಕ್ಸ್‌ರೇಗೆ ಒಡ್ಡಿ, ಒಳಗಿನ ಹತ್ತಿ, ಹೊಲಿಗೆ, ಚರ್ಮ ಸುಲಿದ ರೀತಿ ಎಲ್ಲವನ್ನೂ ಪರೀಕ್ಷಿಸಿದರು. ಅದು ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ 1880ರ ದಶಕದಲ್ಲಿ ಖಾಂದೇಶದಲ್ಲಿ ಸಂಗ್ರಹಿಸಿದ್ದ ಹಕ್ಕಿ. ಮೈನರ್ಟ್ಸ್‌ಹಾಗನ್ ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿನಿಂದ ಕದ್ದು, ಮತ್ತೆ ಹತ್ತಿ ತುಂಬಿ, ತನ್ನ ಹೆಸರಿನ ಚೀಟಿ ಕಟ್ಟಿದ್ದ. ಈ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆಯೂ ಬರೆದವರು.

ಸುಳ್ಳು ಚೀಟಿಯನ್ನು ಬದಿಗಿಟ್ಟು, ನಿಜವಾದ ಚೀಟಿಗಳನ್ನು ಮಾತ್ರ ನಂಬಿ ರಾಸ್ಮುಸ್ಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಾಟ್ ಭಾರತಕ್ಕೆ ಬಂದರು. ಪೂರ್ವದ ಜಾಗಗಳಲ್ಲಿ ಹುಡುಕಿ ಸಿಗದೆ ಖಾಂದೇಶಕ್ಕೆ ತಿರುಗಿದರು. 1997ರ ನವೆಂಬರ್ 25ರಂದು ಮಹಾರಾಷ್ಟ್ರದ ಶಹಾದಾ ಬಳಿ, ಸಾತ್ಪುರದ ತಪ್ಪಲಿನ ಬೋಳು ಮರವೊಂದರ ಮೇಲೆ ಆ ಗೂಬೆ ಹಗಲಿನಲ್ಲೇ ಕೂತಿತ್ತು. 113 ವರ್ಷದ ನಂತರ. ಒಂದು ಶತಮಾನದ ಹಿಂದೆ ಕಟ್ಟಿದ ಪ್ರಾಮಾಣಿಕವಾದ ಒಂದು ಚೀಟಿ, ಬದುಕಿರುವ ಹಕ್ಕಿಯ ಹತ್ತಿರಕ್ಕೆ ಮನುಷ್ಯರನ್ನು ಕೈಹಿಡಿದು ಕರೆದೊಯ್ದಿತು. ಮೈನರ್ಟ್ಸ್‌ಹಾಗನ್ನನ ಮೋಸವನ್ನು 1993ರಲ್ಲೇ ವಿಸ್ತಾರವಾಗಿ ಬಯಲಿಗೆಳೆದು ಬರೆದವರು ಇನ್ನಾರೂ ಅಲ್ಲ, ಮುಂದೆ ಕೋಲಾರದ ಮೊಟ್ಟೆಯನ್ನು ಗುರುತಿಸಿದ ಅದೇ ಅಲನ್ ನಾಕ್ಸ್. ಸುಳ್ಳು ದಾಖಲೆಯನ್ನು ಹಿಡಿಯುವ ಕಣ್ಣು, ಕಡೆಗಣಿಸಿದ ಸತ್ಯದ ದಾಖಲೆಯನ್ನು ಗುರುತಿಸುವ ಕಣ್ಣು ಒಂದೇ ಎಂದು ನನಗೆ ಇದರಿಂದ ಅನ್ನಿಸಿದೆ. ಆ ಕಣ್ಣು ತಯಾರಾಗುವುದು ಬೀರುಗಳ ಮುಂದೆ ವರ್ಷಾನುಗಟ್ಟಲೆ ಕೂತು.

ಹಕ್ಕಿಮೊಟ್ಟೆ ಕೂಡಿಡುವುದು ಒಳ್ಳೆಯ ಹವ್ಯಾಸವೇನಲ್ಲ. ಬ್ರಿಟನ್ 1954ರಲ್ಲಿ ಕಾನೂನು ಮಾಡಿ ಕಾಡುಹಕ್ಕಿಗಳ ಮೊಟ್ಟೆ ಎತ್ತುವುದನ್ನು ತಡೆಯಿತು, ಮಾಡಿದ್ದು ಸರಿ. ಆದರೆ ಆ ಹವ್ಯಾಸಿಗಳು ಬಿಟ್ಟುಹೋದ ಮೊಟ್ಟೆಗಳೇ ಮುಂದೆ ಹಕ್ಕಿಗಳನ್ನು ಉಳಿಸಿದವು. ಪೆರಿಗ್ರಿನ್ ಫಾಲ್ಕನ್ ಎಂಬ ವೇಗದ ಡೇಗೆಯ ಸಂತತಿ ಬ್ರಿಟನ್ನಿನಲ್ಲಿ ಕುಸಿಯುತ್ತಿತ್ತು, ಗೂಡುಗಳಲ್ಲಿ ಮೊಟ್ಟೆಗಳು ಒಡೆಯುತ್ತಿದ್ದವು. ಡೆರೆಕ್ ರ್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳ ಮೊಟ್ಟೆಗಳನ್ನು ತೂಗಿ, ಅಳೆದು, ಇಸವಿಯ ಪ್ರಕಾರ ಜೋಡಿಸಿದರು. 1940ರ ದಶಕದ ನಡುವಿನವರೆಗೆ ಚಿಪ್ಪಿನ ದಪ್ಪ ಒಂದೇ ಸಮ, ಅಲ್ಲಿಂದ ಮುಂದೆ ಒಮ್ಮೆಗೇ ತೆಳು. 1967ರಲ್ಲಿ ಅವರ ಬರಹ ಪ್ರಕಟವಾಯಿತು, ಮರುವರ್ಷ ಅಮೆರಿಕದ ಸಂಗ್ರಹಗಳಲ್ಲೂ ಅದೇ ಕಂಡಿತು. ಡಿಡಿಟಿ ಬಳಕೆಗೆ ಬಂದ ಕಾಲಕ್ಕೂ ಚಿಪ್ಪು ತೆಳುವಾದ ಕಾಲಕ್ಕೂ ತಾಳೆಯಾಯಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದರ ಹಿಂದೆ ಈ ಪುರಾವೆಯ ಬಲವಿತ್ತು. ಆ ಮೊಟ್ಟೆಗಳನ್ನು ಎತ್ತಿದವರಿಗೆ ಡಿಡಿಟಿ ಎಂಬ ಹೆಸರೂ ಗೊತ್ತಿರಲಿಲ್ಲ. ಸಂಗ್ರಹದ ಮುಖ್ಯ ಗುಣ ಇದು. ಕೂಡಿಟ್ಟವನ ಮನಸ್ಸಿನಲ್ಲಿ ಇಲ್ಲದ ಪ್ರಶ್ನೆಗೂ ಅದು ಉತ್ತರ ಕೊಡುತ್ತದೆ. ಒಂದೇ ಮೊಟ್ಟೆ ಇದ್ದಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ಸಾಲುಗಳು ಬೇಕು ಎಂದದ್ದು ಇದಕ್ಕೇ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಸಿ. ಆರ್. ನಾರಾಯಣ ರಾವ್ ಎಂಬ ಹೆಸರು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, 1932ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸ್ಥಾಪಕ ಸಂಪಾದಕರು. ಪಶ್ಚಿಮಘಟ್ಟದ ಕಪ್ಪೆಗಳ ಮೇಲೆ ಭಾರತೀಯನೊಬ್ಬ ಹಿಡಿದು ಮಾಡಿದ ಮೊದಲ ದೊಡ್ಡ ಕೆಲಸ ಅವರದು. 1920ರಲ್ಲಿ ಕೊಡಗಿನ ಜೌಗಿನ ಕಪ್ಪೆಯೊಂದನ್ನು ವಿವರಿಸಿದರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಒಟ್ಟಿಗೆ ಪ್ರಕಟಿಸಿದರು. ಆ ಕಪ್ಪೆಗಳ ಹೆಸರಲ್ಲಿ ನಮ್ಮ ಊರುಗಳಿವೆ. ತೇಜಸ್ವಿಯವರನ್ನು ಓದಿದವರಿಗೆ ಗೊತ್ತಿರುವ ಮೂಡಿಗೆರೆ ಸೀಮೆಯ ಕೊಟ್ಟಿಗೆಹಾರ, ಸಕಲೇಶಪುರ ಘಟ್ಟದ ಕೆಂಪುಹೊಳೆ. ಇಡೀ ಜಗತ್ತಿನ ಜೀವಶಾಸ್ತ್ರಜ್ಞರು ಇಂದಿಗೂ ಆ ಊರುಗಳ ಹೆಸರು ಹಿಡಿದೇ ಆ ಕಪ್ಪೆಗಳನ್ನು ಕರೆಯುತ್ತಾರೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ ವಿಜ್ಞಾನಿಗಳು ರಾವ್ ಅವರ ಹೆಸರು ಸೇರಿಸಿ ‘ರಾವೋರ್ಕೆಸ್ಟಿಸ್’ ಎಂದು ಕರೆದರು.

ಹೊಸ ಜಾತಿಯೊಂದಕ್ಕೆ ಹೆಸರಿಡುವಾಗ ಒಂದು ನಿರ್ದಿಷ್ಟ ಪ್ರಾಣಿಯನ್ನು ಆ ಹೆಸರಿನ ಆಧಾರವಾಗಿ ಗುರುತಿಸಿ ಇಡಬೇಕು. ಅದನ್ನು ಟೈಪ್ ಸ್ಪೆಸಿಮೆನ್, ಮೂಲಮಾದರಿ ಎನ್ನುತ್ತಾರೆ. ಬರಹದ ವಿವರಣೆ ಅಸ್ಪಷ್ಟವಾಗಿದ್ದರೆ, ಚಿತ್ರ ಮಸುಕಾಗಿದ್ದರೆ, ಎರಡು ಜಾತಿ ಒಂದೇ ಎಂಬ ಅನುಮಾನ ಬಂದರೆ, ಸೀಸೆ ತೆರೆದು ಆ ಮೂಲಮಾದರಿಯನ್ನೇ ನೋಡುತ್ತಾರೆ. ಅದರ ಮಾತೇ ಅಂತಿಮ. ನಾರಾಯಣ ರಾವ್ ತಮ್ಮ ಮೂಲಮಾದರಿಗಳನ್ನು ಸೆಂಟ್ರಲ್ ಕಾಲೇಜಿನಲ್ಲೇ ಇಟ್ಟಿದ್ದರು. ಲಂಡನ್ನಿಗೆ ಕಳಿಸುವುದೇ ರೂಢಿಯಾಗಿದ್ದ ಕಾಲದಲ್ಲಿ, ಈ ಊರಿನ ಕಪ್ಪೆ ಈ ಊರಿನ ಕಾಲೇಜಿನಲ್ಲಿರಲಿ ಎಂದು ಇಟ್ಟದ್ದು ನನ್ನ ಮಟ್ಟಿಗೆ ದೊಡ್ಡ ನಡೆ. ಇಂದು ಆ ಮಾದರಿಗಳಿಲ್ಲ. ಕಪ್ಪೆಗಳ ಬಗೆಗಿನ ಯಾವ ಪ್ರಮಾಣ ಗ್ರಂಥ ತೆರೆದರೂ ರಾವ್ ಅವರ ಜಾತಿಗಳ ಮುಂದೆ ಮೂಲಮಾದರಿ ಕಳೆದುಹೋಗಿದೆ ಎಂಬ ಷರಾ ಇರುತ್ತದೆ. ಬೆಂಕಿ ಬಿದ್ದ ಸುದ್ದಿಯಿಲ್ಲ, ಕಳವಿನ ದೂರಿಲ್ಲ. ಸುಮ್ಮನೆ ಇಲ್ಲವಾದವು.

ಇದರಿಂದ ಆದದ್ದೇನು ಎಂದು ಕೇಳಬಹುದು. ಆದದ್ದು ಬಹಳ. ರಾವ್ ಇಟ್ಟ ಹೆಸರುಗಳು ನಿಜವಾಗಿ ಯಾವ ಕಪ್ಪೆಗಳಿಗೆ ಸಲ್ಲಬೇಕು ಎಂಬುದು ದಶಕಗಟ್ಟಲೆ ಗೋಜಲಾಯಿತು. ಕೊಟ್ಟಿಗೆಹಾರದ ಕಪ್ಪೆಯನ್ನು ರಾವ್ ಸೇರಿಸಿದ್ದ ಕುಲ ಒಂದು, ಇಂದು ಅದನ್ನು ಇಟ್ಟಿರುವ ಕುಲ ಇನ್ನೊಂದು. ತೊರೆಯ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಸನ್ನೆ ಮಾಡುವ ‘ಕುಣಿಯುವ ಕಪ್ಪೆ’ಗಳಲ್ಲಿ ಒಂದು ಅದು. 2014ರಲ್ಲಿ ಎಸ್. ಡಿ. ಬಿಜು ಮತ್ತು ಜೊತೆಗಾರರು ಈ ಗುಂಪಿನ 14 ಹೊಸ ಜಾತಿಗಳನ್ನು ಒಟ್ಟಿಗೆ ಪ್ರಕಟಿಸಿದರು. ಹೊಸದು ಯಾವುದು, ಹಳೆಯ ಹೆಸರಿನದು ಯಾವುದು ಎಂದು ಬಿಡಿಸುವಾಗ ಮೂಲಮಾದರಿ ಇಲ್ಲದ ಹೆಸರುಗಳು ಕೊಡುವ ತೊಡಕು ಊಹಿಸಿ. ಮೂಲಮಾದರಿ ಕಳೆದಾಗ ಅದೇ ಜಾಗದಿಂದ ಮತ್ತೊಂದು ಪ್ರಾಣಿಯನ್ನು ತಂದು ಬದಲಿ ಮಾದರಿ ಎಂದು ಸ್ಥಾಪಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಅದೇ ಜಾಗದಲ್ಲಿ ಅದೇ ಕಪ್ಪೆ ಇನ್ನೂ ಉಳಿದಿರಬೇಕಲ್ಲ? ಸಕಲೇಶಪುರದ ಘಟ್ಟದಲ್ಲಿ ಕಿರು ಜಲವಿದ್ಯುತ್ ಘಟಕಗಳು, ಹೆದ್ದಾರಿಯ ಅಗಲೀಕರಣ, ಎತ್ತಿನಹೊಳೆಯ ಕಾಮಗಾರಿ ಎಲ್ಲ ಬಂದಿವೆ. ಯೋಜನೆಯೊಂದರ ಪರಿಸರ ಪರಿಣಾಮ ವರದಿಯಲ್ಲಿ ‘ಇಲ್ಲಿ ಅಪರೂಪದ ಜಾತಿ ಯಾವುದೂ ಇಲ್ಲ’ ಎಂದು ಬರೆದರೆ, ಇದೆ ಎಂದು ಎದುರು ನಿಂತು ಹೇಳಲು ಹೆಸರು ಬೇಕು, ಹೆಸರಿನ ಹಿಂದೆ ಮಾದರಿ ಬೇಕು. ಹೆಸರೇ ತಗಾದೆಯಲ್ಲಿರುವ ಕಪ್ಪೆಯ ಪರವಾಗಿ ಯಾವ ನ್ಯಾಯಾಲಯದಲ್ಲಿ ವಾದ ಮಾಡುವುದು?

ಇದೇ ಬೆಂಗಳೂರಿನಲ್ಲಿ ಇನ್ನೊಂದು ಸಂಗ್ರಹಕ್ಕೆ ಬೇರೆ ಗತಿ ಸಿಕ್ಕಿತು. ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ್ಹಾ ಹಾಸನ ಜಿಲ್ಲೆಯನ್ನು ಸುತ್ತಿ ಗಿಡಗಳನ್ನು ಒಣಗಿಸಿ, ಕಾಗದದ ಹಾಳೆಗೆ ಅಂಟಿಸಿ, ಚೀಟಿ ಬರೆದು ಕೂಡಿಸಿದರು. ಸ್ಮಿತ್ಸೋನಿಯನ್ನಿನ ಡ್ಯಾನ್ ನಿಕಲ್ಸನ್ ಜೊತೆ ಅವರು ಮಾಡಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಬಂತು, ಮುಂದೆ ಕರ್ನಾಟಕದ ಸಸ್ಯಗಳ ಸಂಪುಟಗಳಿಗೆ ಅದೇ ತಳಹದಿಯಾಯಿತು. ಆ ಹರ್ಬೇರಿಯಂ ಕಾಲೇಜಿನಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇಂದಿಗೂ ಬಳಕೆಯಲ್ಲಿದೆ, ಇಂದಿಗೂ ಹಳೆಯ ಕಾಲೇಜಿನ ಹೆಸರಿನ ಅಕ್ಷರಗಳಲ್ಲೇ ಗುರುತಾಗುತ್ತದೆ. ರಾವ್ ಅವರ ಕಪ್ಪೆಗಳಿಗೂ ಸಲ್ಡಾನ್ಹಾ ಅವರ ಹಾಳೆಗಳಿಗೂ ಇದ್ದ ಅಂತರ ಪ್ರತಿಭೆಯದಲ್ಲ, ಶ್ರದ್ಧೆಯದೂ ಅಲ್ಲ. ಕೂಡಿಸಿದವರು ಹೋದ ಮೇಲೆ ಹೊಣೆ ಹೊರಲು ಇನ್ನೊಂದು ಸಂಸ್ಥೆ ಮುಂದೆ ಬಂತು ಅಥವಾ ಬರಲಿಲ್ಲ, ಅಷ್ಟೇ.

ಸಂಗ್ರಹವನ್ನು ಕಾಯುವುದೆಂದರೆ ಬೀಗ ಹಾಕಿಡುವುದಲ್ಲ. ಸೀಸೆಯ ಸ್ಪಿರಿಟ್ ಆರುತ್ತಲೇ ಇರುತ್ತದೆ, ತುಂಬುತ್ತಲೇ ಇರಬೇಕು. ಒಂದೆರಡು ಬೇಸಿಗೆ ಮರೆತರೆ ಕಪ್ಪೆ ಒಣಗಿ ತೊಗಲಾಗುತ್ತದೆ. ಆ ಸ್ಪಿರಿಟ್ ಕೊಳ್ಳಲು ಕಾಲೇಜು ಅಬಕಾರಿ ಇಲಾಖೆಯ ಅನುಮತಿಗೆ ಓಡಾಡಬೇಕು. ಒಣಗಿದ ಚರ್ಮ, ಪುಕ್ಕಗಳಿಗೆ ಡರ್ಮೆಸ್ಟಿಡ್ ಹುಳುವಿನ ಕಾಟ. ಹ್ಯೂಮ್ ಅವರಂಥ ಹ್ಯೂಮ್ ಅವರ ಸಂಗ್ರಹದಲ್ಲೇ ಸಾವಿರಾರು ಹಕ್ಕಿಗಳನ್ನು ಹುಳು ತಿಂದಿತ್ತು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಹರ್ಬೇರಿಯಂ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಇವೆಲ್ಲಕ್ಕೂ ಬೇಕಾದದ್ದು ದೊಡ್ಡ ಕಟ್ಟಡವಲ್ಲ, ಕೆಲಸ ಬಲ್ಲ ಒಬ್ಬ ಕಾಯಂ ನೌಕರ. ಸಣ್ಣ ಊರಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗ ನೋಡಿದವರಿಗೆ ಗೊತ್ತು, ಕಪಾಟಿನ ಮೇಲಿನ ಸಾಲಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ದ್ರವದ ಸೀಸೆಗಳು, ಅಕ್ಷರ ಅಳಿಸಿದ ಚೀಟಿಗಳು. ಹಿಂದೆಂದೋ ಒಬ್ಬ ಮೇಷ್ಟ್ರು ಆಸ್ಥೆಯಿಂದ ಕೂಡಿಸಿದ್ದು. ಅವರು ನಿವೃತ್ತರಾದ ದಿನ ಆ ಸಂಗ್ರಹವೂ ಅನಾಥವಾಯಿತು. ಕಟ್ಟಡಕ್ಕೆ ಸುಣ್ಣ ಬಳಿಸುವಾಗ, ಹೊಸ ಕಂಪ್ಯೂಟರ್ ಲ್ಯಾಬ್ ಬಂದಾಗ ಅವು ತಿಪ್ಪೆಗೆ ಹೋಗುತ್ತವೆ. ಇದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ಸುದ್ದಿಯಾಗುವುದು ಬೆಂಕಿ. 1978ರಲ್ಲಿ ತೆರೆದಿದ್ದ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 2016ರ ಏಪ್ರಿಲ್ 26ರ ನಸುಕಿನಲ್ಲಿ ಸುಟ್ಟುಹೋಯಿತು. ಸ್ವಂತ ಕಟ್ಟಡವೂ ಅದಕ್ಕಿರಲಿಲ್ಲ. ಎರಡೇ ವರ್ಷದಲ್ಲಿ, 2018ರ ಸೆಪ್ಟೆಂಬರ್ 2ರಂದು, ಬ್ರೆಜಿಲಿನ ರಿಯೋ ನಗರದ ರಾಷ್ಟ್ರೀಯ ಮ್ಯೂಸಿಯಂ ಉರಿಯಿತು. 200 ವರ್ಷಗಳ ಸಂಸ್ಥೆ, ಸುಮಾರು 2 ಕೋಟಿ ವಸ್ತುಗಳು. ಅಗ್ನಿಶಾಮಕ ದಳ ಬಂದಾಗ ಹತ್ತಿರದ ನಲ್ಲಿಗಳಲ್ಲಿ ನೀರಿರಲಿಲ್ಲ. ಕೀಟಗಳ ಸಂಗ್ರಹ ಬಹುಪಾಲು ಹೋಯಿತು. ಆಡುವವರೇ ಇಲ್ಲದ ಮೂಲನಿವಾಸಿ ಭಾಷೆಗಳ ಧ್ವನಿಮುದ್ರಣಗಳು ಹೋದವು. ಐದು ಟನ್ನಿಗಿಂತ ಭಾರದ ಬೆಂಡೆಗೋ ಉಲ್ಕೆ ಮಾತ್ರ ಕದಲದೆ ಉಳಿಯಿತು. ಆ ಬೆಂಕಿಯ ಹಿಂದೆ ವರ್ಷಗಟ್ಟಲೆ ಕಡಿತವಾದ ನಿರ್ವಹಣೆಯ ಹಣವಿತ್ತು. ಬೆಂಕಿಗೂ ಸೆಂಟ್ರಲ್ ಕಾಲೇಜಿನ ಮೌನ ನಷ್ಟಕ್ಕೂ ಬೇರು ಒಂದೇ: ನೋಡಲು ಜನ ಬಾರದ ಕೋಣೆಗೆ ಹಣವಿಲ್ಲ.

ಎದುರು ವಾದಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ಕೊಲ್ಲುವುದರ ಪ್ರಶ್ನೆ. ಹಿಂದಿನವರು ಹೊಡೆದುರುಳಿಸಿದ ಲೆಕ್ಕ ನೋಡಿದರೆ ಸಂಕಟವಾಗುತ್ತದೆ. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಹಕ್ಕಿಚರ್ಮ, ಮೊಟ್ಟೆಗಳೇ ಸುಮಾರು 82,000. ಇಂದು ಹಾಗೆ ಮಾಡಬೇಕಾಗಿಲ್ಲ, ಮಾಡಬಾರದು. ಆದರೆ ಸಂಗ್ರಹ ಬೆಳೆಯಲು ಕೊಲ್ಲಲೇಬೇಕೆಂದೂ ಇಲ್ಲ. ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಡೇವ್ ವಿಲಾರ್ಡ್ 1978ರಿಂದ ಮುಂಜಾನೆ ನಡೆದುಹೋಗಿ, ಗಾಜಿನ ಕಟ್ಟಡಗಳಿಗೆ ಬಡಿದು ಸತ್ತ ವಲಸೆ ಹಕ್ಕಿಗಳನ್ನು ಆರಿಸಿ ತಂದು, ಪ್ರತಿಯೊಂದರ ಕಾಲು, ರೆಕ್ಕೆ ಅಳೆದು ಬರೆದಿಟ್ಟರು. 2016ರ ತನಕದ 70,716 ಹಕ್ಕಿಗಳ, 52 ಜಾತಿಗಳ ಆ ಲೆಕ್ಕವನ್ನು ವಿಶ್ಲೇಷಿಸಿದಾಗ ಕಾಲಿನ ಮೂಳೆ ಶೇ. 2.4ರಷ್ಟು ಗಿಡ್ಡವಾಗಿದೆ, ರೆಕ್ಕೆ ಶೇ. 1.3ರಷ್ಟು ಉದ್ದವಾಗಿದೆ ಎಂದು ಗೊತ್ತಾಯಿತು. ಬಿಸಿಯಾಗುತ್ತಿರುವ ಭೂಮಿಯಲ್ಲಿ ಹಕ್ಕಿಗಳ ಮೈ ಕುಗ್ಗುತ್ತಿದೆ. ನಮ್ಮಲ್ಲಿ ಘಟ್ಟದ ಹೆದ್ದಾರಿಗಳಲ್ಲಿ, ಕಾಡಂಚಿನ ರಸ್ತೆಗಳಲ್ಲಿ ಎಷ್ಟು ಕಾಡುಬೆಕ್ಕು, ಹಾವು, ಕಪ್ಪೆ, ಗೂಬೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಅವನ್ನು ಎತ್ತಿ ಕಾಲೇಜಿಗೆ ಒಯ್ದರೆ 1972ರ ವನ್ಯಜೀವಿ ಕಾಯ್ದೆಯ ಅಪರಾಧವಾಗಬಹುದು. ಕಾಯ್ದೆ ಇರಬೇಕಾದದ್ದೇ. ಆದರೆ ಅರಣ್ಯ ಇಲಾಖೆಯೇ ಒಂದು ಮಾನ್ಯ ಸಂಗ್ರಹಾಲಯದ ಜೊತೆ ಸೇರಿ ಆ ಕಳೇಬರಗಳನ್ನು ದಾಖಲೆ ಸಮೇತ ಉಳಿಸುವ ವ್ಯವಸ್ಥೆ ಮಾಡಲು ಅಡ್ಡಿಯೇನು? ಸಾವು ಹೇಗೂ ಆಗಿದೆ, ಅದನ್ನು ಸುಟ್ಟು ಮರೆಯುವುದು ಎರಡನೆಯ ನಷ್ಟ.

ಎರಡನೆಯ ವಾದ, ಕ್ಯಾಮರಾ ಇರುವಾಗ ಚರ್ಮ ಯಾಕೆ ಎಂಬುದು. ಕರ್ನಾಟಕದ ಹಕ್ಕಿ ವೀಕ್ಷಕರು, ಛಾಯಾಗ್ರಾಹಕರು ಮಾಡುತ್ತಿರುವ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಫೋಟೋದಿಂದ ಚಿಪ್ಪಿನ ದಪ್ಪ ಅಳೆಯಲಾಗದು, ವಿಷದ ಅಂಶ ತೆಗೆಯಲಾಗದು, ಡಿಎನ್‌ಎ ಬರದು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಭಾರತಕ್ಕೇ ಹೊಸದಾದ ಹುಳುವೊಂದು ಕಂಡಿತು. ನಮ್ಮ ರೈತರಿಗೆ ಈಗ ಚೆನ್ನಾಗಿ ಗೊತ್ತಿರುವ ಫಾಲ್ ಸೈನಿಕ ಹುಳು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಆದರೆ ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿ ಹಾವಳಿ ಮಾಡಿದ ಹುಳು ಇದೇ ಎಂದು ಖಚಿತವಾಗಿ ಹೇಳಲು ಗಂಡು ಪತಂಗವನ್ನು ಬಿಡಿಸಿ ಒಳರಚನೆ ನೋಡಬೇಕು, ಡಿಎನ್‌ಎ ತಾಳೆ ಹಾಕಬೇಕು. ಅಂಥ ಹೋಲಿಕೆಗಳೆಲ್ಲ ಕೊನೆಗೆ ಹೋಗಿ ನಿಲ್ಲುವುದು ಯಾವುದೋ ಸಂಗ್ರಹದಲ್ಲಿ ಸರಿಯಾಗಿ ಹೆಸರಿಸಿಟ್ಟ ಕೀಟದ ಮುಂದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ, ಜಿಕೆವಿಕೆಯಲ್ಲಿ ಸಿ. ಎ. ವಿರಕ್ತಮಠ ಅವರು ಆಯುಷ್ಯ ಸವೆಸಿ ಕಟ್ಟಿದ ಜಿಗಿಹುಳುಗಳ ಸಂಗ್ರಹದಲ್ಲಿ ಇರುವುದು ಅಂಥ ಕೀಟಗಳು. ರೈತನ ಬೆಳೆಗೂ ಆ ಸೂಜಿ ಚುಚ್ಚಿಟ್ಟ ಹುಳುಗಳಿಗೂ ಇರುವ ನಂಟು ಕೃಷಿ ಬಜೆಟ್ ಬರೆಯುವವರಿಗೆ ಕಾಣಬೇಕು.

ಮೂರನೆಯದು ಒಡೆತನದ ಪ್ರಶ್ನೆ. ನಮ್ಮ ಕಾಡಿನ ಮೂಲಮಾದರಿಗಳು ಲಂಡನ್ನಿನಲ್ಲಿರುವುದು ಸಾಮ್ರಾಜ್ಯದ ಫಲ, ಅದರಲ್ಲಿ ಮುಚ್ಚಿಡುವಂಥದ್ದಿಲ್ಲ. ಕೊಂಡೊಯ್ದವರು ಕಾಪಾಡಿದರು ಎಂಬುದು ನಿಜ, ನಾವು ಇಟ್ಟುಕೊಂಡದ್ದನ್ನು ಕಳೆದೆವು ಎಂಬುದೂ ನಿಜ. ಆದರೆ ಆ ನಿಜವನ್ನು ಮುಂದೊಡ್ಡಿ ‘ನಿಮಗೆ ಕೊಟ್ಟರೆ ಉಳಿಯುವುದಿಲ್ಲ’ ಎನ್ನುವುದು ನ್ಯಾಯವಲ್ಲ. 1990ರ ದಶಕದಲ್ಲಿ ಬ್ರೆಜಿಲಿನಿಂದ ಜರ್ಮನಿಗೆ ಹೋಗಿದ್ದ ‘ಉಬಿರಜಾರ’ ಡೈನೋಸಾರ್ ಪಳೆಯುಳಿಕೆ, ಬ್ರೆಜಿಲಿನ ವಿಜ್ಞಾನಿಗಳು ಬಿಡದೆ ಹಟ ಹಿಡಿದದ್ದರಿಂದ 2023ರಲ್ಲಿ ತವರಿಗೆ ಮರಳಿತು. ರಿಯೋದ ಬೆಂಕಿ ಆ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಕೋಲಾರದ ಮೊಟ್ಟೆಯನ್ನು ನಾಳೆಯೇ ಮರಳಿಸಿ ಎಂದು ನಾನು ಕೇಳುವುದಿಲ್ಲ, ಅದನ್ನಿಡುವ ಜಾಗ ನಾವು ಕಟ್ಟಿಲ್ಲ. ಆದರೆ ಅದರ ಅಳತೆ, ಚಿತ್ರ, ಡಿಎನ್‌ಎ ಮಾಹಿತಿ, ಚೀಟಿಯ ಪ್ರತಿ ಎಲ್ಲ ನಮ್ಮ ವಿದ್ಯಾರ್ಥಿಗೆ ಕೇಳದೆ ಸಿಗಬೇಕು. ಆ ಜಾಗ ಕಟ್ಟಿದ ದಿನ ಮೊಟ್ಟೆಯನ್ನೂ ಕೇಳುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಯಾವ ಸಂಗ್ರಹದ ಪರವಾದ ಮಾತೂ ಇಲ್ಲ. ಆ ಕಾಲದ ಮ್ಯೂಸಿಯಮ್ಮುಗಳು ಹಕ್ಕಿ, ಕಪ್ಪೆಗಳ ಜೊತೆಗೆ ಮನುಷ್ಯರನ್ನೂ ಮಾದರಿಗಳೆಂದೇ ಕಂಡವು. ಮದ್ರಾಸ್ ಮ್ಯೂಸಿಯಮ್ಮಿನ ಮೇಲ್ವಿಚಾರಕ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗುಗಳನ್ನು ಅಳೆದು ಜಾತಿಗಳನ್ನು ಪಟ್ಟಿ ಮಾಡಿದರು. 1909ರಲ್ಲಿ ಬಂದ ಅವರ ಏಳು ಸಂಪುಟಗಳನ್ನು ನಮ್ಮ ಸಂಶೋಧಕರು ಈಗಲೂ ಉಲ್ಲೇಖಿಸುತ್ತಾರೆ. ಆದಿವಾಸಿಗಳ ಬುಟ್ಟಿ, ಬಿಲ್ಲು, ವಾದ್ಯಗಳು ಸಂಗ್ರಹದಲ್ಲಿದ್ದರೆ ಅವನ್ನು ಮಾಡಿದ ಸಮುದಾಯದ ಮಾತು ಕೇಳಿ ಇಡಬೇಕು. ಮನುಷ್ಯರ ತಲೆಬುರುಡೆ, ಮೂಳೆಗಳು ಎಲ್ಲೇ ಇರಲಿ, ಕೇಳಿದವರಿಗೆ ಮರಳಿ ಹೋಗಬೇಕು. ಒಬ್ಬರ ಅಜ್ಜ ಇನ್ನೊಬ್ಬರ ಪುರಾವೆಯಲ್ಲ.

ಮಾದರಿಗಳು ಎಲ್ಲಿರಬೇಕು ಎಂಬ ಮಾತಿಗೆ ಮರಳಿದರೆ, 2002ರ ಜೀವವೈವಿಧ್ಯ ಕಾಯ್ದೆ ನಮ್ಮ ಕಡೆಗಿದೆ. ದೇಶದಲ್ಲಿ ಹೊಸ ಜಾತಿಯೊಂದು ಸಿಕ್ಕರೆ ಅದರ ಮಾದರಿಯನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲಿ ಇಡಬೇಕು ಎನ್ನುತ್ತದೆ. ಕೊಲ್ಕತ್ತದ ಜುವಾಲಾಜಿಕಲ್ ಸರ್ವೆ ಆಫ್ ಇಂಡಿಯಾದಂಥ ದೊಡ್ಡ ಭಂಡಾರಗಳಿವೆ. ಸಾಲದು. ಶಿರಸಿಯ, ಚಾಮರಾಜನಗರದ, ಕಲಬುರಗಿಯ ಕಾಲೇಜಿನ ಹುಡುಗಿ ಒಂದು ಜೇಡ ಹಿಡಿದು ಹೆಸರು ಹುಡುಕಲು ಕೊಲ್ಕತ್ತಕ್ಕೆ ಹೋಗಲಾರಳು. ರಾಜ್ಯಕ್ಕೆ ತನ್ನದೇ ಒಂದು ಸಂಗ್ರಹ ಬೇಕು. ಮೊದಲ ಕೆಲಸವಾಗಿ ಕಾಲೇಜುಗಳ ಕಪಾಟಿನಲ್ಲಿ ಅಳಿದುಳಿದದ್ದನ್ನು ಪಟ್ಟಿ ಮಾಡಿ, ಚೀಟಿ ಇನ್ನೂ ಓದಲು ಬರುವುದನ್ನೆಲ್ಲ ಅಲ್ಲಿಗೆ ತರಬೇಕು.

ಅದಕ್ಕೊಂದು ದೊಡ್ಡ ಕೆಲಸವೂ ಕಾದಿದೆ. ಕ್ಯಾಲಿಫೋರ್ನಿಯಾದಲ್ಲಿ ಜೋಸೆಫ್ ಗ್ರಿನೆಲ್ ಎಂಬುವರು 1914ರಿಂದ 1920ರವರೆಗೆ ಯೊಸೆಮಿಟಿ ಸೀಮೆಯ ಪ್ರಾಣಿಗಳನ್ನು ಎತ್ತರದ ಪ್ರಕಾರ ಸಂಗ್ರಹಿಸಿ ಬರೆದಿಟ್ಟಿದ್ದರು. ಸುಮಾರು ಒಂಬತ್ತು ದಶಕಗಳ ನಂತರ ಗ್ರಿನೆಲ್ ಅವರ ಮ್ಯೂಸಿಯಮ್ಮಿನವರು ಅದೇ ಜಾಗಗಳಿಗೆ ಹೋಗಿ ಮತ್ತೆ ನೋಡಿದಾಗ, 28 ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟು ಸರಾಸರಿ 500 ಮೀಟರ್ ಮೇಲಕ್ಕೆ ಸರಿದಿದ್ದವು. ತಾಪಮಾನ ಏರಿಕೆಯ ಬಗ್ಗೆ ಇಷ್ಟು ನೇರವಾದ ಪುರಾವೆ ಸಿಗುವುದು ಅಪರೂಪ. ನಮಗೂ ಅಂಥ ಹಳೆಯ ದಾಖಲೆಯಿದೆ. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಶುರುಮಾಡಿದ ಸಸ್ತನಿ ಸಮೀಕ್ಷೆಯ ಮೊದಲ ವರ್ಷಗಳಲ್ಲೇ ಶಾರ್ಟ್ರಿಜ್ ಎಂಬ ಸಂಗ್ರಾಹಕ ಧಾರವಾಡ, ಕೆನರಾ, ಕೊಡಗು, ಮೈಸೂರಿನ ದಕ್ಷಿಣ ಭಾಗಗಳಲ್ಲಿ ಇಲಿ, ಬಾವಲಿ, ಅಳಿಲುಗಳನ್ನು ಕೂಡಿಸಿದರು. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆ ಮಾದರಿಗಳು ಮುಂಬಯಿ, ಲಂಡನ್, ಕೊಲ್ಕತ್ತಗಳಲ್ಲಿವೆ, ಚೀಟಿಗಳ ಮೇಲೆ ನಮ್ಮ ಊರುಗಳ ಹೆಸರಿದೆ. ಆ ಊರುಗಳಿಗೆ ಮತ್ತೆ ಹೋಗಿ, ಅದೇ ತಿಂಗಳಲ್ಲಿ, ಅದೇ ಶ್ರದ್ಧೆಯಿಂದ ನೋಡಿ ಬರೆಯುವ ಸಮೀಕ್ಷೆಯೊಂದನ್ನು ನಮ್ಮ ವಿಶ್ವವಿದ್ಯಾಲಯಗಳು ಹಂಚಿಕೊಂಡು ಮಾಡಬಹುದು. ಬೇಟೆಯ ಬಂದೂಕು ಬೇಡ, ಹಿಡಿದು ಅಳೆದು ಬಿಡುವ ಬಲೆಗಳು ಸಾಕು. ಅಗತ್ಯ ಬಿದ್ದ ಕಡೆ ಮಾತ್ರ ಒಂದೆರಡು ಮಾದರಿ. ಆ ಮಾದರಿಗಳನ್ನು ಯಾವ ಬೀರುವಿನಲ್ಲಿ ಇಡುತ್ತೇವೆ, ಅದಕ್ಕೆ ಯಾರು ಸ್ಪಿರಿಟ್ ತುಂಬುತ್ತಾರೆ, ಅವರು ನಿವೃತ್ತರಾದ ಮೇಲೆ ಯಾರು ಬರುತ್ತಾರೆ ಎಂಬುದನ್ನು ಬರೆದು ಸಹಿ ಹಾಕಿಕೊಂಡ ಮೇಲೆಯೇ ಮೊದಲ ತಂಡ ಕಾಡಿಗೆ ಹೊರಡಬೇಕು.